ಯಾವ ಹುಳು ಇದು? ಪ್ರಾಣಿಗಳ ದುಂಡುಜಂತುಗಳನ್ನು ಗುರುತಿಸುವಾಗ ಎಡವದಿರಲು

ಹುಳುವಿನ ಫೋಟೊ ಒಂದನ್ನೇ ಮುಂದಿಟ್ಟು ‘ಇದರ ಹೆಸರು ಹೇಳಿ’ ಎಂದರೆ ಎಂಥ ತಜ್ಞರೂ ತಡವರಿಸುತ್ತಾರೆ. ಪ್ರಾಣಿ ಯಾವುದು, ಅದರ ವಯಸ್ಸೆಷ್ಟು, ಹುಳು ಸಿಕ್ಕಿದ್ದು ದೇಹದ ಯಾವ ಭಾಗದಲ್ಲಿ ಎಂಬ ಮೂರು ಸಂಗತಿ ಗೊತ್ತಾದರೆ ಸೂಕ್ಷ್ಮದರ್ಶಕ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಂತೆ. ದುಂಡುಜಂತುಗಳು ಹೊರನೋಟಕ್ಕೆ ಹೆಚ್ಚುಕಡಿಮೆ ಒಂದೇ ಥರ. ಆದರೆ ವಾಸದ ಜಾಗದ ವಿಷಯದಲ್ಲಿ ಬಹಳ ಹಟಮಾರಿಗಳು. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಬದುಕುವ ಹುಳು ಅದೇ ಕುರಿಯ ಕುರುಡು ಕರುಳಿನಲ್ಲಿ ಬಿಡಾರ ಹೂಡುವುದಿಲ್ಲ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಪುರಾವೆ ಎಲ್ಲಿಗೆ ನಿಲ್ಲುತ್ತದೋ ಹೆಸರೂ ಅಲ್ಲಿಗೇ ನಿಲ್ಲಬೇಕು. ಹೀಮಾಂಕಸ್ ಕಂಟಾರ್ಟಸ್ ಎಂಬ ಕುರಿಯ ಹೊಟ್ಟೆಹುಳುವಿನ ಹೆಸರಿನಲ್ಲಿ ಹೀಮಾಂಕಸ್ ಎಂಬುದು ಕುಲ, ಕಂಟಾರ್ಟಸ್ ಎಂಬುದು ಪ್ರಭೇದ. ಕುಲದವರೆಗೆ ಮಾತ್ರ ಗೊತ್ತಾಗಿದ್ದರೆ ಕುಲವನ್ನಷ್ಟೇ ಬರೆಯಿರಿ. ಗುರುತಿಸುವಿಕೆಯಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಕಣ್ಣಿನವಲ್ಲ. ಹಳಸಿದ ಮಾದರಿಯಿಂದ ಬಂದವು, ಇಲ್ಲವೇ ಪೂರ್ತಿ ಹೆಸರು ಬರೆದೇ ತೀರಬೇಕೆಂಬ ಆತುರದಿಂದ ಬಂದವು.

## ಸಗಣಿಯಲ್ಲಿ ಏನೋ ಹರಿದಾಡುತ್ತಿದೆ

ಖರ್ಚಿಲ್ಲದ ಪರೀಕ್ಷೆ ಮೊದಲು. ಕೈಗವಸು ಹಾಕಿಕೊಂಡು, ಕಡ್ಡಿಯಿಂದ ಎತ್ತಿ ಬಿಳಿ ತಟ್ಟೆಯಲ್ಲಿಟ್ಟು ನೋಡಿ. ಚಪ್ಪಟೆಯಾಗಿ, ಅಕ್ಕಿಕಾಳಿನಷ್ಟು ತುಂಡುಗಳಾಗಿ, ಬಾಲದ ಬುಡದ ಕೂದಲಿಗೂ ಅಂಟಿಕೊಂಡಿದ್ದರೆ ಅದು ಲಾಡಿಹುಳುವಿನಿಂದ ಕಳಚಿ ಬಿದ್ದ ಖಂಡ. ಮೈತುಂಬ ಸ್ಪಷ್ಟವಾದ ಉಂಗುರಗಳಿದ್ದರೆ ಎರೆಹುಳುವೋ ನೊಣದ ಮರಿಯೋ ಇರಬೇಕು. ಸಗಣಿ ಬಿದ್ದು ಒಂದೆರಡು ದಿನ ಕಳೆದಿದ್ದರೆ ನೊಣದ ಮರಿ ಇಲ್ಲದಿದ್ದರೇ ಆಶ್ಚರ್ಯ. ಕುದುರೆಯ ಲದ್ದಿಯಲ್ಲಿ ಮುಳ್ಳುಸಾಲುಗಳಿರುವ ದಪ್ಪ, ಗಿಡ್ಡ ಹುಳು ಕಂಡರೆ ಅದು ಗ್ಯಾಸ್ಟ್ರೊಫಿಲಸ್ ಎಂಬ ನೊಣದ ಮರಿ. ನೀರಿನ ತೊಟ್ಟಿಯಲ್ಲಿ ಕಂದು ಕೂದಲೆಳೆಯಂತೆ ಗಂಟುಗಂಟಾಗಿ ಹೊರಳುವ ಉದ್ದನೆಯ ಹುಳು ಕೀಟಗಳ ಪರಾವಲಂಬಿ, ದನಕರುಗಳಿಗೆ ಅದರಿಂದ ಅಪಾಯವಿಲ್ಲ.

ಇವುಗಳಲ್ಲಿ ಯಾವುದೂ ಅಲ್ಲದೆ, ಖಂಡಗಳಿಲ್ಲದ ದುಂಡನೆಯ ನಯವಾದ ದೇಹ, ಎರಡೂ ತುದಿಗೆ ಸಣ್ಣಗಾಗುತ್ತ ಹೋಗಿದ್ದರೆ ಮಾತ್ರ ದುಂಡುಜಂತು ಎಂದುಕೊಂಡು ಮುಂದೆ ಹೋಗಿ. ಅದನ್ನು ಬರೀ ನೀರಿನಲ್ಲಿ ಹಾಕಬೇಡಿ. ನೀರು ಒಳಸೇರಿ ದೊಡ್ಡ ಹುಳುಗಳು ಉಬ್ಬಿ ಒಡೆಯುತ್ತವೆ, ಗುರುತಿಸಲು ಬೇಕಾದ ಅಂಗಗಳೆಲ್ಲ ಹೊರಬರುತ್ತವೆ. 100 ಮಿ.ಲೀ. ನೀರಿಗೆ ಸುಮಾರು 0.85 ಗ್ರಾಂ ಉಪ್ಪು ಬೆರೆಸಿದ ದ್ರಾವಣ ಸಾಕು.

## ಎಳೆಯ ಪ್ರಾಣಿ, ಡೊಳ್ಳುಹೊಟ್ಟೆ, ಗೇಣುದ್ದದ ಬಿಳಿ ಹುಳು

ಇದು ಆಸ್ಕರಿಡ್ ಗುಂಪು. ಹುಳು ಕಣ್ಣಿಗೇ ಕಾಣುವುದರಿಂದ ಗುಂಪನ್ನು ಗುರುತಿಸುವುದು ಸುಲಭ, ಪ್ರಾಣಿ ಯಾವುದೆಂದು ತಿಳಿದರೆ ಪ್ರಭೇದವೂ ಬಹುತೇಕ ತಿಳಿದಂತೆ. ಹಂದಿಯಲ್ಲಿ ಆಸ್ಕರಿಸ್ ಸೂಮ್, ಕುದುರೆಮರಿಯಲ್ಲಿ ಪ್ಯಾರಾಸ್ಕರಿಸ್, ಕೋಳಿಯ ಸಣ್ಣ ಕರುಳಿನಲ್ಲಿ ಆಸ್ಕರಿಡಿಯ ಗ್ಯಾಲೈ. ಎಮ್ಮೆ-ಹಸುವಿನ ಕರುಗಳಲ್ಲಿ ಟಾಕ್ಸೊಕಾರ ವಿಟುಲೋರಮ್. ತಾಯಿಯ ಹಾಲಿನ ಮೂಲಕವೇ ಇದರ ಲಾರ್ವಾ (ಮರಿಹುಳು) ಕರುವನ್ನು ಸೇರುವುದರಿಂದ ಮೂರು-ನಾಲ್ಕು ವಾರದ ಕರುವಿನ ಸಗಣಿಯಲ್ಲಿಯೇ ಮೊಟ್ಟೆ ಸಿಗಬಹುದು. ವಯಸ್ಕ ಹಸುವಿನ ಕರುಳಿನಲ್ಲಿ ಇದು ಸಿಕ್ಕಿತೆಂದು ಯಾರಾದರೂ ಹೇಳಿದರೆ ಮಾದರಿಯ ಚೀಟಿಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ತಲೆನೋವು ಇರುವುದು ನಾಯಿ ಮತ್ತು ಬೆಕ್ಕುಗಳಲ್ಲಿ. ಇಲ್ಲಿ ಮೂರು ಅಭ್ಯರ್ಥಿಗಳು. ಹುಳುವಿನ ತಲೆಯ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿ: ಕುತ್ತಿಗೆಯ ಎರಡೂ ಪಕ್ಕ ರೆಕ್ಕೆಯಂಥ ಪೊರೆ ಇರುತ್ತದೆ. ಅದು ಅಗಲವಾಗಿ, ಹಿಂಬದಿಗೆ ಥಟ್ಟನೆ ಮುಗಿದು, ತಲೆಗೆ ಬಾಣದ ತುದಿಯ ಆಕಾರ ಕೊಟ್ಟಿದ್ದರೆ ಬೆಕ್ಕಿನ ಟಾಕ್ಸೊಕಾರ ಕ್ಯಾಟಿ. ಕಿರಿದಾಗಿ, ನಿಧಾನವಾಗಿ ದೇಹದಲ್ಲಿ ಕರಗಿಹೋಗಿದ್ದರೆ ನಾಯಿಯ ಟಾಕ್ಸೊಕಾರ ಕೇನಿಸ್ ಅಥವಾ ನಾಯಿ-ಬೆಕ್ಕು ಎರಡರಲ್ಲೂ ಬರುವ ಟಾಕ್ಸಾಸ್ಕರಿಸ್ ಲಿಯೊನೈನ. ಈ ಎರಡನ್ನು ಬೇರ್ಪಡಿಸಲು ಮೊಟ್ಟೆ ನೋಡಬೇಕು. ಟಾಕ್ಸೊಕಾರದ ಮೊಟ್ಟೆಯ ಒಳಭಾಗ ಕಡುಗಂದು, ಚಿಪ್ಪಿನ ಮೇಲೆಲ್ಲ ಸಣ್ಣ ಕುಳಿಗಳು. ಟಾಕ್ಸಾಸ್ಕರಿಸ್ ಮೊಟ್ಟೆಯ ಚಿಪ್ಪು ನುಣುಪು, ಒಳಗಿನದು ತಿಳಿಬಣ್ಣ, ಚಿಪ್ಪಿಗೂ ಒಳಗಿನ ಕೋಶಕ್ಕೂ ನಡುವೆ ಖಾಲಿ ಜಾಗ ಕಾಣುತ್ತದೆ. ವಯಸ್ಸೂ ಸುಳಿವು ಕೊಡುತ್ತದೆ: ಟಾಕ್ಸೊಕಾರ ಕೇನಿಸ್ ತಾಯಿಯ ಗರ್ಭದಲ್ಲೇ ಮರಿಗೆ ದಾಟುತ್ತದೆ, ಟಾಕ್ಸಾಸ್ಕರಿಸ್ ದಾಟುವುದಿಲ್ಲ. ಹಾಗಾಗಿ ನಾಲ್ಕು ವಾರದ ನಾಯಿಮರಿ ಹುಳು ವಾಂತಿ ಮಾಡಿಕೊಂಡರೆ ಯಾವುದೆಂದು ಹೆಚ್ಚು ಯೋಚಿಸಬೇಕಾಗಿಲ್ಲ.

ಈ ಗುಂಪಿನಲ್ಲೇ ಕಣ್ಣಿನಿಂದ ಬಗೆಹರಿಯದ ಪ್ರಕರಣವೂ ಇದೆ. ಕುದುರೆಯಲ್ಲಿ ಪ್ಯಾರಾಸ್ಕರಿಸ್ ಈಕ್ವೋರಮ್ ಮತ್ತು ಪ್ಯಾರಾಸ್ಕರಿಸ್ ಯೂನಿವೇಲೆನ್ಸ್ ಎಂದು ಎರಡು ಪ್ರಭೇದಗಳನ್ನು ಹೇಳುತ್ತಾರೆ. ಮೊದಲನೆಯದರಲ್ಲಿ ಎರಡು ಜೊತೆ ಕ್ರೋಮೊಸೋಮು, ಎರಡನೆಯದರಲ್ಲಿ ಒಂದೇ ಜೊತೆ. ಹೊರರೂಪದಲ್ಲಿ ವ್ಯತ್ಯಾಸ ಹಿಡಿಯುವುದು ಅಸಾಧ್ಯವೆಂದೇ ಹೇಳಬೇಕು. ಕ್ರೋಮೊಸೋಮು ಎಣಿಸದಿದ್ದರೆ ‘ಪ್ಯಾರಾಸ್ಕರಿಸ್ ಪ್ರಭೇದ’ ಎಂದು ಬರೆದು ಸುಮ್ಮನಾಗುವುದೇ ಪ್ರಾಮಾಣಿಕತೆ.

ಎಚ್ಚರಿಕೆ: ಹೊಟ್ಟೆ ಬಿಗಿದು, ನೋವಿನಿಂದ ಒದ್ದಾಡುವ ಕುದುರೆಮರಿಗೋ ನಾಯಿಮರಿಗೋ ಮನೆಯಲ್ಲೇ ಜಂತುನಾಶಕ ಕೊಡಬೇಡಿ. ಒಂದೇ ಸಲಕ್ಕೆ ಸತ್ತ ಹುಳುಗಳ ರಾಶಿ ಕರುಳನ್ನು ಕಟ್ಟಿಹಾಕಬಹುದು, ಕರುಳು ಒಡೆಯಲೂಬಹುದು. ಇದು ಪಶುವೈದ್ಯರನ್ನು ಕರೆಯಬೇಕಾದ ಹೊತ್ತು.

## ಕಣ್ಣಿನ ಒಳಪೊರೆ ಬಿಳಿಚಿದೆ, ಗದ್ದದ ಕೆಳಗೆ ನೀರು ತುಂಬಿದ ಬಾವು, ಭೇದಿ ಮಾತ್ರ ಇಲ್ಲ

ಕುರಿ-ಮೇಕೆಗಳಲ್ಲಿ ಈ ಜೋಡಿ ಲಕ್ಷಣ ಕಂಡರೆ ಮೊದಲ ಸಂಶಯ ಹೀಮಾಂಕಸ್ ಕಂಟಾರ್ಟಸ್ ಮೇಲೆ. ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ನಷ್ಟ ಮಾಡುತ್ತದೆ. ಕೇಳಲು ಏನೂ ಅಲ್ಲ ಎನಿಸಬಹುದು. 5000 ಹುಳುಗಳಿದ್ದರೆ ದಿನಕ್ಕೆ ಕಾಲು ಲೀಟರ್. ರಕ್ತದ ಜೊತೆ ಪ್ರೋಟೀನು ಹೋಗುವುದರಿಂದ ಗದ್ದದಡಿ ನೀರು ಇಳಿಯುತ್ತದೆ. ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ, ಆದ್ದರಿಂದಲೇ ಸಾಕುವವರು ಹುಳುಬಾಧೆಯ ಬಗ್ಗೆ ಯೋಚಿಸುವುದಿಲ್ಲ.

ಅಗ್ಗದ ಪರೀಕ್ಷೆಯೆಂದರೆ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಳಪೊರೆಯ ಬಣ್ಣ ನೋಡುವುದು, ಹಗಲು ಬೆಳಕಿನಲ್ಲಿ. ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ ಫಮಾಚ ಚಾರ್ಟಿನಲ್ಲಿ ಕೆಂಪಿನಿಂದ ಬಿಳಿಯವರೆಗೆ ಐದು ದರ್ಜೆಗಳಿವೆ. 4 ಮತ್ತು 5 ಎಂದರೆ ಚಿಕಿತ್ಸೆ ತಡಮಾಡುವಂತಿಲ್ಲ. ಆದರೆ ಈ ಚಾರ್ಟ್ ಹೇಳುವುದು ರಕ್ತಹೀನತೆ ಎಷ್ಟಿದೆ ಎಂಬುದನ್ನು, ಹುಳು ಯಾವುದು ಎಂಬುದನ್ನಲ್ಲ. ಯಕೃತ್ತಿನ ಚಪ್ಪಟೆಹುಳುವಿನಿಂದಲೂ ಇದೇ ಬಿಳಿಚು, ಇದೇ ಗದ್ದದ ಬಾವು ಬರುತ್ತದೆ. ಅದರ ಮೊಟ್ಟೆ ಭಾರ, ಉಪ್ಪಿನ ದ್ರಾವಣದಲ್ಲಿ ಸರಿಯಾಗಿ ತೇಲದು. ತೇಲಿಸುವ ಪರೀಕ್ಷೆಯಲ್ಲಿ (ಸಗಣಿಯನ್ನು ದಟ್ಟ ಉಪ್ಪುನೀರಿನಲ್ಲಿ ಕದಡಿ, ಮೇಲೆ ತೇಲಿದ ಮೊಟ್ಟೆ ಹುಡುಕುವುದು) ಏನೂ ಸಿಗದಿದ್ದರೆ ಸಗಣಿಯನ್ನು ನೀರಿನಲ್ಲಿ ಕದಡಿ, ತಳಕ್ಕೆ ಇಳಿದದ್ದನ್ನು ನೋಡುವುದನ್ನು ಮರೆಯಬೇಡಿ.

ಸತ್ತ ಕುರಿಯ ನಾಲ್ಕನೇ ಹೊಟ್ಟೆ ತೆರೆದಾಗ ಹೀಮಾಂಕಸ್ ಇದ್ದರೆ ಸಂದೇಹಕ್ಕೆ ಜಾಗವಿಲ್ಲ. ಎರಡು-ಮೂರು ಸೆಂ.ಮೀ. ಉದ್ದದ ಹೆಣ್ಣುಹುಳು, ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿ ಅಂಡಾಶಯ ಹೊಸೆದ ಎರಡೆಳೆ ಹಗ್ಗದಂತೆ ಸುತ್ತಿಕೊಂಡಿರುತ್ತದೆ. ಶವ ತಣ್ಣಗಾಗಿ ಹಳಸಿದ್ದರೆ ಈ ಬಣ್ಣ ಮಾಸುತ್ತದೆ.

ಇಲ್ಲಿ ನಿಲ್ಲಿ: ಹಠಾತ್ತನೆ ಸತ್ತ ಪ್ರಾಣಿಯ ಮೂಗು, ಬಾಯಿ, ಗುದದ್ವಾರದಿಂದ ಕಪ್ಪು ರಕ್ತ ಸೋರಿ ಹೆಪ್ಪುಗಟ್ಟದೆ ನಿಂತಿದ್ದರೆ ಶವವನ್ನು ಕೊಯ್ಯಲೇಬೇಡಿ. ಅದು ಆಂಥ್ರಾಕ್ಸ್ ಇರಬಹುದು. ಶವ ತೆರೆದರೆ ರೋಗಾಣು ಗಾಳಿಗೆ ಸಿಕ್ಕಿ ವರ್ಷಗಟ್ಟಲೆ ಬದುಕುವ ಬೀಜಕಗಳಾಗುತ್ತವೆ. ಹುಳು ಹುಡುಕುವ ಕೆಲಸ ಅಲ್ಲಿಗೆ ಬಿಟ್ಟು ಪಶುವೈದ್ಯರಿಗೆ ತಿಳಿಸಿ.

ನಾಯಿಮರಿಯ ವಸಡು ಬಿಳಿಚಿ, ಮಲ ಡಾಂಬರಿನ ಬಣ್ಣಕ್ಕೆ ತಿರುಗಿದ್ದರೆ ಕೊಕ್ಕೆಹುಳು ಇರಬಹುದು. ಹುಳು ಸಿಕ್ಕರೆ ಬಾಯಿಯನ್ನು ನೋಡಿ: ಮೂರು ಜೊತೆ ಹಲ್ಲು ಇದ್ದರೆ ಆಂಕೈಲೊಸ್ಟೋಮ ಕೇನೈನಮ್, ಹಲ್ಲಿನ ಬದಲು ಕತ್ತರಿಸುವ ಫಲಕಗಳಿದ್ದರೆ ಅನ್ಸಿನೇರಿಯ. ಮೊಟ್ಟೆಗಾಗಿ ಕಾಯಬೇಡಿ. ತಾಯಿಯ ಹಾಲಿನಿಂದ ಸೋಂಕು ತಗುಲಿದ ಮರಿ, ಮಲದಲ್ಲಿ ಮೊದಲ ಮೊಟ್ಟೆ ಕಾಣುವ ಮುಂಚೆಯೇ ಸಾಯಬಹುದು.

## ಭೇದಿ ಇದೆ, ಸ್ಲೈಡಿನಲ್ಲಿ ಮೊಟ್ಟೆಗಳೆಲ್ಲ ಒಂದೇ ಥರ

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮೆಲುಕು ಹಾಕುವ ಪ್ರಾಣಿಗಳ ಹೀಮಾಂಕಸ್, ಆಸ್ಟರ್ಟೇಜಿಯ, ಟ್ರೈಕೊಸ್ಟ್ರಾಂಜೈಲಸ್, ಕೂಪೀರಿಯ, ಈಸೊಫಗೊಸ್ಟೋಮಮ್ ಎಲ್ಲವೂ ಇಡುವುದು ತೆಳುಚಿಪ್ಪಿನ, ಅಂಡಾಕಾರದ, ಒಳಗೆ ಹಲವು ಕೋಶಗಳ ಗೊಂಚಲಿರುವ ಮೊಟ್ಟೆ. ಅಳತೆಯೂ ಒಂದರ ಮೇಲೊಂದು ಹೊಂದಿಕೊಳ್ಳುತ್ತದೆ, ಹೆಚ್ಚುಕಡಿಮೆ 70ರಿಂದ 100 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ). ಮೊಟ್ಟೆ ನೋಡಿಯೇ ‘ಹೀಮಾಂಕಸ್’ ಎಂದು ಬರೆದ ವರದಿಯನ್ನು ನಾನು ನಂಬುವುದಿಲ್ಲ. ‘ಸ್ಟ್ರಾಂಜೈಲ್ ಮಾದರಿಯ ಮೊಟ್ಟೆ’ ಎಂದು ಬರೆದವರನ್ನು ನಂಬುತ್ತೇನೆ.

ಮೊಟ್ಟೆಯಲ್ಲೇ ಬೇರ್ಪಡುವಂಥವು ಕೆಲವು ಇವೆ, ಅವನ್ನು ಮೊದಲು ಪಕ್ಕಕ್ಕೆ ತೆಗೆಯಿರಿ. ನೆಮಟೊಡೈರಸ್ ಮೊಟ್ಟೆ ಬೇರೆಲ್ಲದಕ್ಕಿಂತ ಸುಮಾರು ಎರಡು ಪಟ್ಟು ದೊಡ್ಡದು, ಒಳಗೆ ದೊಡ್ಡದಾದ ಬೆರಳೆಣಿಕೆಯ ಕೋಶಗಳು. ಸ್ಟ್ರಾಂಜಿಲಾಯ್ಡಿಸ್ ಮೊಟ್ಟೆ ಪುಟ್ಟದು, ತಾಜಾ ಸಗಣಿಯಲ್ಲಿಯೇ ಒಳಗೆ ಸುರುಳಿ ಸುತ್ತಿದ ಲಾರ್ವಾ ಇರುತ್ತದೆ. ಎರಡೂ ತುದಿಗೆ ಬಿರಡೆ ಇಟ್ಟಂತಿದ್ದರೆ ಟ್ರೈಕ್ಯೂರಿಸ್ ಅಥವಾ ಕ್ಯಾಪಿಲೇರಿಯ. ಟ್ರೈಕ್ಯೂರಿಸ್‌ನ ಬಿರಡೆ ಎದ್ದು ಕಾಣುತ್ತದೆ, ಬದಿಗಳು ಉಬ್ಬಿರುತ್ತವೆ. ಕ್ಯಾಪಿಲೇರಿಯದ ಬದಿಗಳು ಹೆಚ್ಚು ನೇರ, ಬಿರಡೆ ಅಷ್ಟಾಗಿ ಹೊರಚಾಚಿರುವುದಿಲ್ಲ.

ಉಳಿದದ್ದಕ್ಕೆ ಲಾರ್ವಾ ಬೆಳೆಸುವುದೇ ದಾರಿ. ಗುದದಿಂದಲೇ ತೆಗೆದ ಸಗಣಿಯನ್ನು ತೇವ ಆರದಂತೆ, ಗಾಳಿ ಆಡುವಂತೆ ಮುಚ್ಚಿ 25ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 7ರಿಂದ 10 ದಿನ ಇಟ್ಟರೆ ಮೊಟ್ಟೆಯೊಡೆದು ಮೂರನೇ ಹಂತದ ಲಾರ್ವಾಗಳು ಸಿಗುತ್ತವೆ. ಇವುಗಳ ಮೈಮೇಲೆ ಹಳೆಯ ಪೊರೆ ಇನ್ನೂ ಅಂಗಿಯಾಗಿ ಉಳಿದಿರುತ್ತದೆ. ಲಾರ್ವಾದ ಬಾಲ ಮುಗಿದ ಮೇಲೂ ಆ ಪೊರೆ ಎಷ್ಟು ದೂರ ಚಾಚಿದೆ ಎಂಬುದೇ ಮುಖ್ಯ ಗುರುತು. ಟ್ರೈಕೊಸ್ಟ್ರಾಂಜೈಲಸ್‌ನಲ್ಲಿ ಅದು ಗಿಡ್ಡ. ಹೀಮಾಂಕಸ್‌ನಲ್ಲಿ ಮಧ್ಯಮ, ತುದಿ ಸಾಮಾನ್ಯವಾಗಿ ಸೊಟ್ಟ. ಈಸೊಫಗೊಸ್ಟೋಮಮ್ ಮತ್ತು ಚಾಬರ್ಟಿಯದಲ್ಲಿ ಉದ್ದನೆಯ ಎಳೆಯಾಗಿ ಚಾಚಿರುತ್ತದೆ. ಕೂಪೀರಿಯದ ತಲೆಯ ತುದಿಯಲ್ಲಿ ಹೊಳೆಯುವ ಎರಡು ಚುಕ್ಕೆ ಇರುತ್ತವೆ. ಕರುಳಿನ ಕೋಶಗಳನ್ನೂ ಎಣಿಸಬಹುದು: ಹೀಮಾಂಕಸ್ ಮತ್ತು ಟ್ರೈಕೊಸ್ಟ್ರಾಂಜೈಲಸ್‌ನಲ್ಲಿ 16, ನೆಮಟೊಡೈರಸ್‌ನಲ್ಲಿ 8. ಲಾರ್ವಾ ಓಡಾಡುತ್ತಿದ್ದರೆ ಕವರ್‌ಸ್ಲಿಪ್‌ನ ಅಂಚಿಗೆ ಅಯೋಡಿನ್‌ನ ಒಂದು ಹನಿ ಬಿಡಿ, ಸ್ತಬ್ಧವಾಗುತ್ತದೆ.

ಇಲ್ಲೊಂದು ಬಲೆ ಇದೆ. ಮೊಟ್ಟೆ ಎಣಿಸಲು ತೆಗೆದ ಸಗಣಿಯನ್ನು ಫ್ರಿಜ್ಜಿನಲ್ಲಿಡುವುದು ಸರಿ, ಏಕೆಂದರೆ ಮೊಟ್ಟೆ ಒಡೆಯಬಾರದು. ಆದರೆ ಹೀಮಾಂಕಸ್ ಮೊಟ್ಟೆಗೆ ಚಳಿ ಆಗದು. ಅದೇ ಫ್ರಿಜ್ಜಿನ ಸಗಣಿಯಲ್ಲಿ ಲಾರ್ವಾ ಬೆಳೆಸಿದರೆ ಹೀಮಾಂಕಸ್ ಕಡಿಮೆಯಾಗಿ, ಬೇರೆಯವು ಹೆಚ್ಚಾಗಿ ಕಾಣುತ್ತವೆ. ಬಿಳಿಚಿದ ಕುರಿಯ ಮಾದರಿಯಲ್ಲಿ ಹೀಮಾಂಕಸ್ ಇಲ್ಲವೆಂಬ ವರದಿ ಬಂದರೆ, ಮಾದರಿ ಎಲ್ಲಿ ರಾತ್ರಿ ಕಳೆಯಿತು ಎಂದು ಮೊದಲು ಕೇಳಿ.

ಲಾರ್ವಾ ಹೇಳುವುದು ಕುಲವನ್ನು ಮಾತ್ರ. ಪ್ರಭೇದ ಬೇಕಾದರೆ ವಯಸ್ಕ ಗಂಡುಹುಳು ಬೇಕು. ಗಂಡಿನ ಬಾಲದ ತುದಿಯಲ್ಲಿ ಹರಡಿದ ಪೊರೆಯೂ ಅದಕ್ಕೆ ಆಧಾರ ಕೊಡುವ ಕಡ್ಡಿಗಳೂ ಇರುತ್ತವೆ, ಜೊತೆಗೆ ಸ್ಪಿಕ್ಯೂಲ್ ಎಂಬ ಒಂದು ಜೊತೆ ಗಟ್ಟಿ ಅಂಗ. ಅದರ ಉದ್ದ, ಕವಲು, ಮುಳ್ಳು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಹಾಗಾಗಿ ಶವಪರೀಕ್ಷೆಯಲ್ಲಿ ಎದ್ದು ಕಾಣುವ ದಪ್ಪ ಹೆಣ್ಣುಗಳನ್ನಷ್ಟೇ ಆರಿಸಿ ಕಳಿಸಿದರೆ ಪ್ರಯೋಗಾಲಯದವರು ಕೈಚೆಲ್ಲುತ್ತಾರೆ. ಸಣ್ಣ, ತೆಳ್ಳನೆಯ ಹುಳುಗಳನ್ನೂ ಕಳಿಸಿ.

ಕುರಿಯ ಹೀಮಾಂಕಸ್ ಕಂಟಾರ್ಟಸ್, ದನದ ಹೀಮಾಂಕಸ್ ಪ್ಲೇಸಿಯೈ ಒಂದೇ ಹುಲ್ಲುಗಾವಲಿನಲ್ಲಿ ಬೆರೆತಾಗ ಅದೂ ಸಾಲದು. ಆಗ ಐಟಿಎಸ್-2 ಎಂಬ ಡಿಎನ್‌ಎ ತುಣುಕನ್ನು ಓದಿಸಬೇಕು. ಇವೆರಡರ ನಡುವೆ ಆ ತುಣುಕಿನಲ್ಲಿ ಇರುವ ಸ್ಥಿರ ವ್ಯತ್ಯಾಸ ಮೂರೇ ಅಕ್ಷರ. ಒಂದು ಹಿಂಡಿನ ಚಿಕಿತ್ಸೆ ನಿರ್ಧರಿಸಲು ಇಷ್ಟೆಲ್ಲ ಬೇಕಿಲ್ಲ. ಸಂಶೋಧನೆಗೆ, ಔಷಧ ನಿರೋಧದ ಜಾಡು ಹಿಡಿಯಲು ಬೇಕು.

## ಲಕ್ಷಣ ಇದೆ, ಮೊಟ್ಟೆ ಮಾತ್ರ ಇಲ್ಲ

ಮೊಟ್ಟೆ ಸಿಗಲಿಲ್ಲವೆಂದರೆ ಹುಳು ಇಲ್ಲವೆಂದಲ್ಲ. ಹುಳು ಇನ್ನೂ ಎಳೆಯದಿರಬಹುದು: ನಾಯಿಯ ಟ್ರೈಕ್ಯೂರಿಸ್ ಸೋಂಕು ತಗುಲಿದ ಮೇಲೆ ಮೊಟ್ಟೆಯಿಡಲು ಸುಮಾರು ಮೂರು ತಿಂಗಳು ತೆಗೆದುಕೊಳ್ಳುತ್ತದೆ, ಆಮೇಲೂ ಬಿಟ್ಟುಬಿಟ್ಟು ಇಡುತ್ತದೆ. ಬೇರೆ ಬೇರೆ ದಿನಗಳ ಮಲ ಪರೀಕ್ಷಿಸುವುದೇ ಇದಕ್ಕೆ ಪರಿಹಾರ, ಖರ್ಚೂ ಹೆಚ್ಚಿಲ್ಲ.

ಮೊಟ್ಟೆ ತೇಲದಿರಬಹುದು. ನಾಯಿ ನುಂಗಿದ್ದನ್ನು ಮತ್ತೆ ಮತ್ತೆ ಹೊರಹಾಕುತ್ತಿದ್ದರೆ ಅನ್ನನಾಳದಲ್ಲಿ ಗಂಟು ಕಟ್ಟುವ ಸ್ಪೈರೊಸರ್ಕ ಲೂಪೈ ನೆನಪಿರಲಿ. ಅದರ ಮೊಟ್ಟೆ ಬಹಳ ಚಿಕ್ಕದು, ಭಾರ. ಉಪ್ಪಿನ ಬದಲು ಹೆಚ್ಚು ಸಾಂದ್ರತೆಯ ಸಕ್ಕರೆ ದ್ರಾವಣ ಬಳಸಿ. ಎಂಡೊಸ್ಕೋಪಿ ಇಲ್ಲದೆ ಇದನ್ನು ಖಚಿತಪಡಿಸುವುದು ಕಷ್ಟ.

ಮೊಟ್ಟೆ ಮಲದಲ್ಲೇ ಇಲ್ಲದಿರಬಹುದು. ಕುದುರೆ ಬಾಲದ ಬುಡವನ್ನು ಕಂಬಕ್ಕೆ ಉಜ್ಜಿ ಕೂದಲು ಕಿತ್ತುಕೊಂಡಿದ್ದರೆ ಆಕ್ಸಿಯೂರಿಸ್ ಈಕ್ವೈ ಇರಬಹುದು. ಹೆಣ್ಣುಹುಳು ಹೊರಬಂದು ಗುದದ ಸುತ್ತ ಅಂಟಿನೊಂದಿಗೆ ಮೊಟ್ಟೆ ಬಳಿಯುತ್ತದೆ. ಪಾರದರ್ಶಕ ಅಂಟುಟೇಪನ್ನು ಆ ಚರ್ಮಕ್ಕೆ ಒತ್ತಿ, ಸ್ಲೈಡಿಗೆ ಹಚ್ಚಿ ನೋಡಿ. ಕುದುರೆಯ ಹಿಂದೆ ನೇರವಾಗಿ ನಿಲ್ಲಬೇಡಿ, ಪಕ್ಕದಲ್ಲಿ ನಿಂತು ಮಾಡಿ.

## ಕೆಮ್ಮು, ಬಾಯಿ ತೆರೆದು ಉಸಿರಾಟ

ಕೋಳಿ ಕತ್ತು ಚಾಚಿ ಬಾಯಿ ತೆರೆಯುತ್ತಿದ್ದರೆ ಶ್ವಾಸನಾಳದಲ್ಲಿ ಸಿಂಗಮಸ್ ಟ್ರೇಕಿಯ ಇದೆಯೇ ನೋಡಬೇಕು. ಗಂಡುಹೆಣ್ಣು ಜೀವನಪರ್ಯಂತ ಕೂಡಿಕೊಂಡೇ ಇರುವುದರಿಂದ ಇಂಗ್ಲಿಷಿನ ವೈ ಅಕ್ಷರದಂತೆ ಕಾಣುವ ಕೆಂಪು ಹುಳು, ಬೇರೆ ಯಾವುದರ ಜೊತೆಗೂ ಗೊಂದಲವಾಗದು.

ಮೇವಿಗೆ ಬಿಟ್ಟ ಕರುಗಳು ಕೆಮ್ಮುತ್ತಿದ್ದರೆ ಶ್ವಾಸಕೋಶದ ಹುಳು ಡಿಕ್ಟಿಯೊಕಾಲಸ್ ಇರಬಹುದು. ಇದರಲ್ಲಿ ಸಗಣಿಗೆ ಬರುವುದು ಮೊಟ್ಟೆಯಲ್ಲ, ಮೊದಲ ಹಂತದ ಲಾರ್ವಾ. ಸಗಣಿಯನ್ನು ಬಟ್ಟೆಯಲ್ಲಿ ಕಟ್ಟಿ, ಉಗುರುಬೆಚ್ಚಗಿನ ನೀರು ತುಂಬಿದ ಲಾಳಿಕೆಯಲ್ಲಿ ರಾತ್ರಿಯಿಡೀ ಇಳಿಬಿಟ್ಟರೆ ಲಾರ್ವಾ ತಳಕ್ಕೆ ಇಳಿಯುತ್ತದೆ. ನೆಲದಿಂದ ಎತ್ತಿದ ಸಗಣಿ ಮಾತ್ರ ಬೇಡ. ಅದರಲ್ಲಿ ಮಣ್ಣಿನ ಜಂತುಗಳೂ ಆಗಷ್ಟೇ ಒಡೆದ ಬೇರೆ ಹುಳುಗಳ ಲಾರ್ವಾಗಳೂ ಸೇರಿ ಪರೀಕ್ಷೆಯನ್ನೇ ಹಾಳುಮಾಡುತ್ತವೆ. ಕುರಿಯಲ್ಲಿ ಲಾರ್ವಾದ ತಲೆಯ ತುದಿಗೆ ಗುಬುಟು ಇದ್ದರೆ ಡಿಕ್ಟಿಯೊಕಾಲಸ್ ಫೈಲೇರಿಯ, ಬಾಲ ಸೊಟ್ಟಗಿದ್ದು ಅಲ್ಲೊಂದು ಮುಳ್ಳಿದ್ದರೆ ಮ್ಯುಲ್ಲೇರಿಯಸ್.

ನಾಯಿ ಸ್ವಲ್ಪ ನಡೆದರೂ ಸುಸ್ತಾಗಿ ಕೆಮ್ಮಿದರೆ ಹೃದಯದ ಹುಳು ಡೈರೊಫೈಲೇರಿಯ ಇಮ್ಮಿಟಿಸ್ ಇರಬಹುದು. ರಕ್ತದಲ್ಲಿ ಮೈಕ್ರೊಫೈಲೇರಿಯ (ಹುಳುವಿನ ಸೂಕ್ಷ್ಮ ಮರಿ) ಕಂಡಕೂಡಲೇ ಅದೇ ಎನ್ನಬೇಡಿ. ನಿರುಪದ್ರವಿ ಅಕಾಂತೊಕೈಲೊನೆಮ ರೆಕಾಂಡಿಟಮ್‌ನ ಮರಿಗಳೂ ಹಾಗೇ ಕಾಣುತ್ತವೆ, ಕೊಂಚ ಗಿಡ್ಡ, ತಲೆ ಮೊಂಡು. ಹುಳುವಿನ ಅಂಶವನ್ನು ರಕ್ತದಲ್ಲಿ ಹುಡುಕುವ ಆ್ಯಂಟಿಜೆನ್ ಪರೀಕ್ಷೆ ಹಿಡಿಯುವುದು ಬೆಳೆದ ಹೆಣ್ಣುಹುಳುವನ್ನು. ಬರೀ ಗಂಡುಗಳಿದ್ದರೆ, ಇಲ್ಲವೇ ಸೋಂಕಿಗೆ ಆರು ತಿಂಗಳು ತುಂಬಿರದಿದ್ದರೆ ಹುಳುವಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಇದರ ಚಿಕಿತ್ಸೆ ಮನೆಯ ಕೆಲಸವಲ್ಲ. ಸತ್ತ ಹುಳುಗಳು ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡಬಂದರೆ ನಾಯಿ ಉಳಿಯದು.

## ಮೊಟ್ಟೆ ಇದೆ, ಆದರೆ ಈ ಪ್ರಾಣಿಯದ್ದಲ್ಲ

ನಾಯಿಯ ಮಲದಲ್ಲಿ ಕುರಿಯ ನೆಮಟೊಡೈರಸ್ ಮೊಟ್ಟೆ, ಬೆಕ್ಕಿನ ಟಾಕ್ಸೊಕಾರ ಮೊಟ್ಟೆ ಸಿಗುವುದುಂಟು. ಹೊಸ ದಾಖಲೆ ಎಂದು ಸಂಭ್ರಮಿಸುವ ಮೊದಲು ನಾಯಿ ಏನು ತಿಂದಿತ್ತು ಎಂದು ಕೇಳಿ. ಬೇರೆ ಪ್ರಾಣಿಯ ಹಿಕ್ಕೆ ತಿಂದರೆ ಮೊಟ್ಟೆ ಹಾಗೇ ಹಾದುಹೋಗುತ್ತದೆ. ಎರಡು-ಮೂರು ದಿನ ಕಟ್ಟಿಹಾಕಿ ಮತ್ತೆ ಪರೀಕ್ಷಿಸಿದರೆ ಮಾಯವಾಗಿರುತ್ತದೆ. ಪರಾಗ, ನುಸಿಗಳ ಮೊಟ್ಟೆ, ಗಾಳಿಗುಳ್ಳೆ ಕೂಡ ಮೋಸ ಮಾಡುತ್ತವೆ. ಅಳತೆ ಮಾಡದೆ ಹೆಸರಿಡಬಾರದು ಎನ್ನುವುದು ಇದಕ್ಕೇ.

## ಔಷಧ ಕೊಟ್ಟರೂ ಹೋಗಲಿಲ್ಲ

ಮೊದಲು ತೂಕ ನೋಡಿ. ಅಂದಾಜಿನ ತೂಕಕ್ಕೆ ಕೊಟ್ಟ ಔಷಧ ಕಡಿಮೆಯಾಗಿರುವುದೇ ಹೆಚ್ಚು. ಆಮೇಲೆ, ಆ ಔಷಧ ಈ ಹುಳುವಿಗೆ ಕೆಲಸ ಮಾಡುವಂಥದ್ದೇ ಎಂದು ನೋಡಿ. ಎರಡೂ ಸರಿಯಿದ್ದರೆ ಔಷಧ ಕೊಡುವ ದಿನವೂ, 10ರಿಂದ 14 ದಿನದ ನಂತರವೂ ಅದೇ ಪ್ರಾಣಿಗಳ ಮೊಟ್ಟೆ ಎಣಿಸಿ. ಕುರಿ-ಮೇಕೆಗಳಲ್ಲಿ ಇಳಿಕೆ ಶೇ. 95ಕ್ಕಿಂತ ಕಡಿಮೆಯಿದ್ದರೆ ನಿರೋಧದ ಸಂಶಯ. ಎರಡೂ ಸಲ ಲಾರ್ವಾ ಬೆಳೆಸಿದರೆ ಬದುಕುಳಿದದ್ದು ಯಾವ ಕುಲ ಎಂದೂ ತಿಳಿಯುತ್ತದೆ, ಬರೀ ಎಣಿಕೆಗಿಂತ ಇದು ಬಹಳ ಉಪಯುಕ್ತ. ಡೋಸ್ ಏರಿಸುತ್ತ ಹೋಗಬೇಡಿ. ಕೋಲಿ ತಳಿಯ ನಾಯಿಗಳಲ್ಲಿ ಐವರ್‌ಮೆಕ್ಟಿನ್ ಹೆಚ್ಚಾದರೆ ಮಿದುಳಿಗೆ ಏಟು ಬೀಳುತ್ತದೆ.

## ಮಾದರಿ ಕಳಿಸುವಾಗ, ಕೈ ತೊಳೆಯುವಾಗ

ಹುಳುವನ್ನು ಲವಣದ್ರಾವಣದಲ್ಲಿ ತೊಳೆದು, ಬಿಸಿ ಮಾಡಿದ ಶೇ. 70ರ ಆಲ್ಕೋಹಾಲಿಗೆ ಹಾಕಿದರೆ ಮುದುಡದೆ ನೇರವಾಗಿ ನಿಲ್ಲುತ್ತದೆ. ಆಲ್ಕೋಹಾಲನ್ನು ಬೆಂಕಿಯ ಮೇಲಿಟ್ಟು ಕಾಯಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿ ಶೀಶೆ ಇಟ್ಟು ಕಾಯಿಸಿ. ಡಿಎನ್‌ಎ ಪರೀಕ್ಷೆಗಾದರೆ ಫಾರ್ಮಲಿನ್ ಮುಟ್ಟಿಸಬೇಡಿ. ದೇಹ ಪಾರದರ್ಶಕವಾಗಲು ಬಳಸುವ ಲ್ಯಾಕ್ಟೊಫೀನಾಲ್ ಚರ್ಮ ಸುಡುತ್ತದೆ, ಅದರ ಆವಿಯೂ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ.

ತಾಜಾ ಮಲದಲ್ಲಿರುವ ಟಾಕ್ಸೊಕಾರ ಮೊಟ್ಟೆ ಸೋಂಕು ತಗುಲಿಸುವಷ್ಟು ಬೆಳೆಯಲು ಎರಡು ವಾರಕ್ಕಿಂತ ಹೆಚ್ಚು ಬೇಕು. ಹಾಗಾಗಿ ಅಪಾಯ ಹೆಚ್ಚಿರುವುದು ಇಂದಿನ ಮಲಕ್ಕಿಂತ ಮಕ್ಕಳು ಆಡುವ ಹಳೆಯ ಮಣ್ಣಿನಲ್ಲಿ. ಕೊಕ್ಕೆಹುಳು ಮತ್ತು ಸ್ಟ್ರಾಂಜಿಲಾಯ್ಡಿಸ್ ಲಾರ್ವಾಗಳು ಚರ್ಮ ಕೊರೆದೇ ಒಳಹೋಗುತ್ತವೆ, ಆದ್ದರಿಂದ ಲಾರ್ವಾ ಬೆಳೆಸಿದ ಪಾತ್ರೆಯನ್ನು ಬರಿಗೈಯಲ್ಲಿ ತೊಳೆಯಬೇಡಿ, ಕುದಿಯುವ ನೀರು ಹುಯ್ದು ಆಮೇಲೆ ತೊಳೆಯಿರಿ. ಚರ್ಮದ ಮೇಲೆ ತುರಿಸುವ ಕೆಂಪು ಗೆರೆ ದಿನದಿನಕ್ಕೆ ಮುಂದೆ ಸರಿಯುತ್ತಿದ್ದರೆ ವೈದ್ಯರ ಬಳಿ ಹೋಗಿ, ಯಾವ ಪ್ರಾಣಿಯ ಜೊತೆ ಕೆಲಸ ಮಾಡಿದಿರಿ ಎಂದು ತಪ್ಪದೆ ಹೇಳಿ.

ಶೀಶೆಯ ಚೀಟಿಯಲ್ಲಿ ಪ್ರಾಣಿ, ವಯಸ್ಸು, ಹುಳು ಸಿಕ್ಕ ಅಂಗ, ದಿನಾಂಕ, ಕೊನೆಯದಾಗಿ ಕೊಟ್ಟ ಔಷಧ ಇಷ್ಟೂ ಇರಲಿ. ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಶೀಶೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.